ಚಂದ್ರನಿಗೆ ಬಾಗಿಲಿಟ್ಟವರು

ಅಮೆರಿಕಕ್ಕೆ ಇತಿಹಾಸವೇ ಇಲ್ಲ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಆರು ತಿಂಗಳು ಇದ್ದು ಬಂದವರದ್ದೂ ಅದೇ ಮಾತು, ನಯಾಗರ, ನ್ಯೂಯಾರ್ಕ್, ಗ್ರ್ಯಾಂಡ್ ಕ್ಯಾನಿಯನ್ ಎಲ್ಲ ಸುತ್ತಿ ಬಂದವರದ್ದೂ ಅದೇ ಮಾತು. ಇನ್ನೂರೈವತ್ತು ವರ್ಷದ ದೇಶ, ಹಳೆಯದು ಅಂತ ನೋಡಲಿಕ್ಕೆ ಅಲ್ಲೇನಿದೆ? ಹಾಗೆನ್ನುವವರನ್ನೆಲ್ಲ ಕೈಹಿಡಿದು ಓಹಿಯೋ ರಾಜ್ಯದ ನೆವಾರ್ಕ್ ಎಂಬ ಊರಿಗೆ ಕರೆದುಕೊಂಡು ಹೋಗಿ, ಅಲ್ಲಿನ ಒಂದು ಹುಲ್ಲುಗಾವಲಿನ ನಡುವೆ ನಿಲ್ಲಿಸಿ, ಇದನ್ನು ಕಟ್ಟಿ ಹೆಚ್ಚುಕಡಿಮೆ ಎರಡು ಸಾವಿರ ವರ್ಷವಾಯಿತು ಎಂದು ಕೂಗಿ ಹೇಳಬೇಕೆನ್ನಿಸುತ್ತದೆ ನನಗೆ. ಇದು ಆಕಾಶದ ಲೆಕ್ಕ ಹಾಕಿ ಕಟ್ಟಿದ್ದು. ಕಟ್ಟಿದವರಿಗೆ ಬರವಣಿಗೆ ಇರಲಿಲ್ಲ, ಗಾಲಿ ಇರಲಿಲ್ಲ, ಕುದುರೆ ಇರಲಿಲ್ಲ, ರಾಜನೂ ಇರಲಿಲ್ಲ!

ವಿಮಾನ ಇಳಿಯುವ ನ್ಯೂಜೆರ್ಸಿಯ ನೆವಾರ್ಕ್ ಬೇರೆ. ಇದು ಓಹಿಯೋದ ರಾಜಧಾನಿ ಕೊಲಂಬಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕೊಲಂಬಸ್‌ನಲ್ಲಿ ನಮ್ಮವರಿಗೇನೂ ಕೊರತೆಯಿಲ್ಲ. ವಾರಾಂತ್ಯ ಬಂದರೆ ಐದಾರು ಗಂಟೆ ಕಾರು ಓಡಿಸಿ ನಯಾಗರಕ್ಕೋ ಷಿಕಾಗೋಗೋ ಹೋಗಿಬರುವ ಆ ನೆಂಟರಿಷ್ಟರಲ್ಲಿ ಅನೇಕರು ಪಕ್ಕದ ನೆವಾರ್ಕನ್ನು ನೋಡಿಯೇ ಇಲ್ಲ. ಅವರನ್ನು ದೂರಿ ಫಲವಿಲ್ಲ. ಅಮೆರಿಕನ್ನರೇ ಬಹಳ ಜನ ನೋಡಿಲ್ಲ. ಅಷ್ಟೇಕೆ, ಈ ಅದ್ಭುತದ ಅರ್ಧ ಭಾಗದ ಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಗಾಲ್ಫ್ ಆಡುತ್ತಿದ್ದರು!

2023ರ ಸೆಪ್ಟೆಂಬರ್ ತಿಂಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ಸಭೆ ಸೇರಿತ್ತು. 18ನೇ ತಾರೀಕು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಪಟ್ಟಿಗೆ ಸೇರಿದವು. ಕರ್ನಾಟಕವೆಲ್ಲ ಹಿಗ್ಗಿತು, ಪತ್ರಿಕೆಗಳ ಮುಖಪುಟದಲ್ಲಿ ಶಿಲಾಬಾಲಿಕೆಯರು ಮೆರೆದರು. ಅದರ ಮಾರನೆಯ ದಿನ, 19ಕ್ಕೆ, ಅದೇ ಸಭೆ ನೆವಾರ್ಕ್‌ನವೂ ಸೇರಿ ಓಹಿಯೋದ ಎಂಟು ಮಣ್ಣಿನ ರಚನೆಗಳನ್ನು ‘ಹೋಪ್‌ವೆಲ್ ವಿಧಿಸ್ಥಳಗಳು’ ಎಂದು ಅದೇ ಪಟ್ಟಿಗೆ ಸೇರಿಸಿತು. ಒಂದು ದಿನದ ಅಂತರದಲ್ಲಿ ಒಂದೇ ಪಟ್ಟಿಗೆ ಬಂದ ಇವೆರಡರ ನಡುವೆ ಎಷ್ಟು ಅಂತರ! ಹೊಯ್ಸಳರ ಕಲ್ಲಿನಲ್ಲಿ ಅಂಗೈಯಗಲ ಜಾಗವೂ ಖಾಲಿ ಇಲ್ಲ. ನೆವಾರ್ಕ್‌ನಲ್ಲಿ ಒಂದು ಗೆರೆ ಕೆತ್ತನೆಯೂ ಇಲ್ಲ, ಇರುವುದು ಮಣ್ಣು, ಹುಲ್ಲು ಮತ್ತು ಆಕಾರ. ಆ ಆಕಾರವೇ ಉಸಿರು ಕಟ್ಟಿಸುತ್ತದೆ.

ಮೊದಲು ಮಹಾವೃತ್ತಕ್ಕೆ ಹೋಗಬೇಕು. ರಸ್ತೆಯಾಚೆ ಅಂಗಡಿಗಳು, ತಿಂಡಿ ಮಳಿಗೆಗಳು, ಸಿಗ್ನಲ್ಲಿನಲ್ಲಿ ಸಾಲುಗಟ್ಟಿದ ಪಿಕಪ್ ಟ್ರಕ್ಕುಗಳು. ಈಚೆ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಎದುರಿಗೆ ಒಂದು ಹಸಿರು ಏರಿ. ಬಾಗಿಲಿನ ಹತ್ತಿರ ಆ ಏರಿ ಸುಮಾರು 14 ಅಡಿ ಎತ್ತರ ನಿಂತಿದೆ, ಎರಡಾಳಿಗಿಂತ ಹೆಚ್ಚು. ಎಡಕ್ಕೂ ಬಲಕ್ಕೂ ಅದು ಬಾಗುತ್ತಾ ಹೋಗಿ ಮರಗಳ ಹಿಂದೆ ಕಣ್ಮರೆಯಾಗುತ್ತದೆ. ಏರಿಯ ಮೇಲೆಯೇ ದೊಡ್ಡ ದೊಡ್ಡ ಮರ ಬೆಳೆದಿವೆ. ಒಳಗೆ ಕಾಲಿಟ್ಟು ತಿರುಗಿ ನೋಡಿದರೆ ಏರಿಯ ಬುಡದಲ್ಲಿ ಆಳವಾದ ಕಂದಕ, ಅದೂ ಒಳಗಡೆ! ಕೋಟೆಗೆ ಕಂದಕ ಹೊರಗಿರಬೇಕು. ಇಲ್ಲಿ ಕಂದಕ ಒಳಗೆ, ಏರಿ ಹೊರಗೆ. ಎಂದಮೇಲೆ ಶತ್ರುಗಳನ್ನು ತಡೆಯಲು ಕಟ್ಟಿದ್ದಲ್ಲ ಇದು. ಒಳಗೆ ನಡೆಯುವುದಕ್ಕೂ ಹೊರಗಿನ ನಿತ್ಯದ ಬದುಕಿಗೂ ನಡುವೆ ಎಳೆದ ಗೆರೆ.

ವೃತ್ತದ ಅಡ್ಡಳತೆ ಸುಮಾರು 1,200 ಅಡಿ. ಎರಡು ಕ್ರಿಕೆಟ್ ಮೈದಾನಗಳನ್ನು ಒಂದರ ಪಕ್ಕ ಒಂದಿಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಒಳಗಿನ ವಿಸ್ತೀರ್ಣ 30 ಎಕರೆ. ನಡುವೆ ಒಂದು ತಗ್ಗಾದ ದಿಬ್ಬವಿದೆ. ರೆಕ್ಕೆ ಚಾಚಿದ ಹಕ್ಕಿಯಂತೆ ಕಾಣುತ್ತದೆಂದು ಅದಕ್ಕೆ ಹದ್ದಿನ ದಿಬ್ಬ ಎಂದೇ ಹೆಸರು ಬಿದ್ದಿದೆ. 1928ರಲ್ಲಿ ಅಗೆದಾಗ ಅದರಡಿ ಮರದ ಕಂಬಗಳ ಮೇಲೆ ನಿಂತಿದ್ದ ಒಂದು ದೊಡ್ಡ ಕಟ್ಟಡದ ಗುರುತು ಸಿಕ್ಕಿತು. ಕಟ್ಟಡದಲ್ಲಿ ನಡೆಯಬೇಕಾದದ್ದೆಲ್ಲ ನಡೆದ ಮೇಲೆ ಅವರೇ ಅದನ್ನು ಕೆಡವಿ, ಮೇಲೆ ಮಣ್ಣು ಹೊದಿಸಿ ದಿಬ್ಬ ಮಾಡಿದ್ದರು.

ಏರಿಯ ಮಣ್ಣನ್ನು ಹತ್ತಿರದಿಂದ ನೋಡಿದವರ ಕಥೆ ಇನ್ನೂ ಸೊಗಸು. 1992ರಲ್ಲಿ ಪುರಾತತ್ತ್ವಜ್ಞ ಬ್ರ್ಯಾಡ್ ಲೆಪರ್ ಏರಿಯನ್ನು ಅಡ್ಡಕ್ಕೆ ಸೀಳಿದಂತೆ ಒಂದು ಕಂದಕ ತೋಡಿಸಿ ನೋಡಿದರು. ಹೊರಮೈಗೆ ಕಪ್ಪುಗಂದು ಮಣ್ಣು, ಒಳಮೈಗೆ ಹಳದಿ ಛಾಯೆಯ ಮಣ್ಣು! ಸಿಕ್ಕಿದ ಮಣ್ಣನ್ನು ಸುರಿದು ಗುಡ್ಡೆ ಹಾಕಿದ್ದಲ್ಲ. ಬಣ್ಣ ನೋಡಿ ಆರಿಸಿ ತಂದದ್ದು, ಎಲ್ಲಿ ಯಾವುದನ್ನು ಹಾಕಬೇಕೆಂದು ತಿಳಿದು ಹಾಕಿದ್ದು. ಈಗ ಎಲ್ಲೆಲ್ಲೂ ಹುಲ್ಲು ಹೊದ್ದಿರುವ ಈ ಗೋಡೆ ಕಟ್ಟಿದ ಹೊಸತರಲ್ಲಿ ಹೊರಗಿನಿಂದ ಬರುವವರಿಗೆ ಕಪ್ಪಾಗಿ ಕಂಡು, ಬಾಗಿಲು ದಾಟಿದೊಡನೆ ಸುತ್ತಲೂ ಹೊಂಬಣ್ಣದಲ್ಲಿ ಬೆಳಗಿರಬೇಕು. ಆ ಬಾಗಿಲಲ್ಲಿ ನಿಂತು ಅದನ್ನು ಊಹಿಸಿಕೊಂಡೆ, ಮೈ ಜುಮ್ಮೆಂದಿತು.

ಇಂಥ ಜಾಗದಲ್ಲಿ 1854ರಿಂದ 1933ರವರೆಗೆ ಜಿಲ್ಲಾ ಜಾತ್ರೆ ನಡೆಯುತ್ತಿತ್ತು, ಒಳಗೆ ಕುದುರೆ ಓಟದ ಪಥವಿತ್ತು. ಅದೊಂದು ಬಗೆಯಲ್ಲಿ ಒಳ್ಳೆಯದೇ ಆಯಿತು ಎನ್ನಬೇಕು, ಯಾಕೆಂದರೆ ನೇಗಿಲು ಬೀಳಲಿಲ್ಲ. ಒಂದು ಕಾಲಕ್ಕೆ ನೆವಾರ್ಕ್‌ನ ಈ ರಚನೆಗಳು ನಾಲ್ಕು ಚದರ ಮೈಲಿಗೂ ಹೆಚ್ಚು ಜಾಗದಲ್ಲಿ ಹರಡಿದ್ದವು: ವೃತ್ತ, ಚೌಕ, ಅಷ್ಟಕೋನ, ದೀರ್ಘವೃತ್ತ, ಇವುಗಳನ್ನೆಲ್ಲ ಜೋಡಿಸುವ ಎರಡೇರಿಯ ಹಾದಿಗಳು. ಒಟ್ಟು 70 ಲಕ್ಷ ಘನ ಅಡಿ ಮಣ್ಣು ಎಂದು ಅಂದಾಜು. ಅಷ್ಟನ್ನೂ ಅಗೆದದ್ದು ಚೂಪು ಕೋಲಿನಿಂದ, ಕಪ್ಪೆಚಿಪ್ಪು ಕಟ್ಟಿದ ಗುದ್ದಲಿಯಿಂದ. ಹೊತ್ತದ್ದು ಬುಟ್ಟಿಯಲ್ಲಿ. ಆಮೇಲೆ ಕಾಲುವೆ ಬಂತು, ರೈಲು ಬಂತು, ಊರು ಬೆಳೆಯಿತು, ಬಹುಪಾಲು ಹೋಯಿತು. ಚೌಕದ್ದು ಒಂದು ತುಣುಕು ಗೋಡೆ ಮಾತ್ರ ಉಳಿದಿದೆ.

ಆ ತುಣುಕು ಗೋಡೆಯನ್ನು ಅಲಕ್ಷಿಸಬೇಡಿ. ಉಳಿದ ಅಳತೆಗಳು 19ನೇ ಶತಮಾನದ ಸರ್ವೇಗಳಲ್ಲಿ ದಾಖಲಾಗಿವೆ. ಚಿಲಿಕಾಥಿ ಊರಿನ ಪತ್ರಿಕಾ ಸಂಪಾದಕ ಎಫ್ರೈಂ ಸ್ಕ್ವಯರ್ ಮತ್ತು ವೈದ್ಯ ಎಡ್ವಿನ್ ಡೇವಿಸ್ ಇಬ್ಬರೂ ಸೇರಿ ಊರೂರು ಅಲೆದು ಮಾಡಿದ ನಕ್ಷೆಗಳನ್ನು 1848ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ತನ್ನ ಮೊತ್ತಮೊದಲ ಪ್ರಕಟಣೆಯಾಗಿ ಹೊರತಂದಿತು. ಅಳತೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದವರಿಗೆ ಕಂಡದ್ದೇನು ಗೊತ್ತೇ? ಚೌಕದ ನಾಲ್ಕು ಬದಿಗಳನ್ನು ಕೂಡಿದರೆ ಮಹಾವೃತ್ತದ ಸುತ್ತಳತೆ! ಅದೇ ಚೌಕದ ವಿಸ್ತೀರ್ಣ ಇನ್ನೊಂದು ವೃತ್ತದ, ಅಂದರೆ ಅಷ್ಟಕೋನಕ್ಕೆ ಅಂಟಿಕೊಂಡಿರುವ ವೀಕ್ಷಣಾ ವೃತ್ತದ ವಿಸ್ತೀರ್ಣಕ್ಕೆ ಸಮ! ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇಲ್ಲ. ಒಂದು ಚೌಕ, ಒಂದು ವೃತ್ತಕ್ಕೆ ಸುತ್ತಿನಲ್ಲಿ ಜೋಡಿ, ಮತ್ತೊಂದಕ್ಕೆ ಹರವಿನಲ್ಲಿ ಜೋಡಿ. ಕಾಗದದ ಮೇಲೆ ಕೈವಾರ ಹಿಡಿದು ಮಾಡುವುದೇ ಕಷ್ಟ. ಇವರು ಎಕರೆಗಟ್ಟಲೆ ನೆಲದ ಮೇಲೆ, ಗೂಟ ಹೊಡೆದು ಹಗ್ಗ ಎಳೆದು ಮಾಡಿದ್ದಾರೆ.

ಅಷ್ಟಕೋನಕ್ಕೆ ಬರೋಣ. ಮಹಾವೃತ್ತದಿಂದ ಇದು ವಾಯವ್ಯಕ್ಕೆ ಸುಮಾರು ಎರಡು ಕಿಲೋಮೀಟರ್, ಮನೆಗಳ ನಡುವೆ ಇದೆ. ಎಂಟು ಮಣ್ಣಿನ ಗೋಡೆ, ಒಂದೊಂದೂ ಸುಮಾರು 550 ಅಡಿ ಉದ್ದ, ಐದಾರಡಿ ಎತ್ತರ. ಒಳಗೆ 50 ಎಕರೆ. ಗೋಡೆಗಳು ಮೂಲೆಯಲ್ಲಿ ಕೂಡುವುದಿಲ್ಲ. ಮೂಲೆಮೂಲೆಯಲ್ಲೂ ಬಾಗಿಲು ಬಿಟ್ಟಿದ್ದಾರೆ, ಬಾಗಿಲ ಒಳಗೆ ಅಡ್ಡಲಾಗಿ ಒಂದು ಗಿಡ್ಡ ದಿಬ್ಬ. ಅಷ್ಟಕೋನದ ನೈರುತ್ಯದ ಮೂಲೆಯಿಂದ ಎರಡೇರಿಯ ಓಣಿಯೊಂದು ಹೊರಟು ವೀಕ್ಷಣಾ ವೃತ್ತವನ್ನು ಸೇರುತ್ತದೆ. ಆ ವೃತ್ತದ ವ್ಯಾಸ 1,054 ಅಡಿ. ಈ 1,054ನ್ನು ನೆನಪಿಟ್ಟುಕೊಳ್ಳಿ, ಇಡೀ ಓಹಿಯೋದ ಕೀಲಿಕೈ ಇದೇ. ಅಷ್ಟಕೋನದ ನಡುವಿನಿಂದ ಮಹಾವೃತ್ತದ ನಡುವಿಗೆ ಹೆಚ್ಚುಕಡಿಮೆ ಅದರ ಆರು ಪಟ್ಟು. ಅಷ್ಟಕೋನವನ್ನು ಹಾಕುವ ಬಗೆಯೂ ಅದರಲ್ಲೇ ಅಡಗಿದೆ. 1,054 ಅಡಿ ಬದಿಯ ಒಂದು ಚೌಕ ಗುರುತು ಮಾಡಿ. ಅದರ ಕರ್ಣದಷ್ಟು ಉದ್ದದ ಹಗ್ಗ ತೆಗೆದುಕೊಂಡು, ನಾಲ್ಕು ಮೂಲೆಗಳಲ್ಲೂ ಒಂದೊಂದು ಸಲ ಗೂಟಕ್ಕೆ ಕಟ್ಟಿ ಸುತ್ತು ಬನ್ನಿ. ಎರಡೆರಡು ಸುತ್ತುಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಉಳಿದ ನಾಲ್ಕು ಮೂಲೆಗಳು ತಾವಾಗಿ ಬಂದು ಕೂರುತ್ತವೆ. ಇಷ್ಟೇ!

ಇಷ್ಟೇ ಎಂದು ಬರೆದುಬಿಟ್ಟೆ. ಆದರೆ ಆ ಹಗ್ಗ ಸುಮಾರು 1,490 ಅಡಿ ಉದ್ದ. ಒದ್ದೆಯಾದರೆ ಕುಗ್ಗುವ, ಜಗ್ಗಿದರೆ ಹಿಗ್ಗುವ ನಾರಿನ ಹಗ್ಗದಲ್ಲಿ ಆ ಕರಾರುವಾಕ್ಕು ಹೇಗೆ ಬಂತೋ! ಅಲ್ಲಿನ ಹುಲ್ಲಿನ ಮೇಲೆ ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಯುವಾಗ ನನಗೆ ಆಕಾರ ಕಾಣಲಿಲ್ಲ, ಒಂದು ಉದ್ದನೆಯ ಹಸಿರು ದಿಣ್ಣೆ ಮಾತ್ರ ಕಂಡಿತು. ನೆಲದ ಮೇಲೆ ನಿಂತ ಯಾರಿಗೂ ಪೂರ್ತಿ ಅಷ್ಟಕೋನ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಕಟ್ಟಿದವರೂ ಪೂರ್ತಿಯಾಗಿ ಕಂಡದ್ದು ಮನಸ್ಸಿನಲ್ಲೇ.

ಈಗ ಚಂದ್ರ. ರೇ ಹೈವ್ಲಿ ಭೌತವಿಜ್ಞಾನಿ, ರಾಬರ್ಟ್ ಹಾರ್ನ್ ತತ್ತ್ವಶಾಸ್ತ್ರಜ್ಞ, ಇಬ್ಬರೂ ನೆರೆಯ ಇಂಡಿಯಾನಾ ರಾಜ್ಯದ ಅರ್ಲಮ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಪ್ರಾಚೀನ ಸ್ಮಾರಕಗಳಿಗೂ ಆಕಾಶಕ್ಕೂ ನಂಟು ಹುಡುಕುವ ಹುಚ್ಚು ಆಗ ಎಲ್ಲೆಡೆ ಹಬ್ಬಿತ್ತು. ವಿದ್ಯಾರ್ಥಿಗಳ ಜೊತೆ ಇವರೂ ನೆವಾರ್ಕ್‌ನ ಗೋಡೆಗಳನ್ನು ಅಳೆದರು. ಸೂರ್ಯನ ಉತ್ತರಾಯಣ, ದಕ್ಷಿಣಾಯನಗಳಿಗೆ ಯಾವ ಗೋಡೆಯೂ ಹೊಂದಲಿಲ್ಲ. ಅಲ್ಲಿಗೆ ಕೈಬಿಡಬಹುದಿತ್ತು. ಬಿಡದೆ ಚಂದ್ರನ ಲೆಕ್ಕ ಹಿಡಿದರು. ಒಂದಾದ ಮೇಲೊಂದು ಗೋಡೆ ಕೂಡಿಕೊಳ್ಳತೊಡಗಿತು! 1982ರಲ್ಲಿ ಪ್ರಕಟವಾದ ಅವರ ಲೇಖನ ಅಮೆರಿಕದ ಪ್ರಾಚೀನ ಚರಿತ್ರೆಯ ಬಗ್ಗೆ ಇದ್ದ ಎಷ್ಟೋ ಎಣಿಕೆಗಳನ್ನು ತಲೆಕೆಳಗು ಮಾಡಿತು.

ಇದನ್ನು ಕನ್ನಡದಲ್ಲಿ ಹೇಳುವುದು ಸುಲಭ, ಯಾಕೆಂದರೆ ಪಂಚಾಂಗ ನಮ್ಮ ಮನೆಯ ಗೋಡೆಯಲ್ಲೇ ತೂಗುತ್ತಿದೆ. ಸೂರ್ಯ ಒಂದು ವರ್ಷದಲ್ಲಿ ಮಾಡುವ ಉತ್ತರಾಯಣ, ದಕ್ಷಿಣಾಯನವನ್ನು ಚಂದ್ರ ಒಂದೇ ತಿಂಗಳಲ್ಲಿ ಮಾಡಿ ಮುಗಿಸುತ್ತಾನೆ. ಅವನು ಹುಟ್ಟುವ ಜಾಗ ಹದಿನೈದು ದಿನ ಉತ್ತರಕ್ಕೆ ಸರಿಯುತ್ತದೆ, ಹದಿನೈದು ದಿನ ದಕ್ಷಿಣಕ್ಕೆ. ಆದರೆ ಎಷ್ಟು ದೂರ ಸರಿಯುತ್ತಾನೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬೇರೆ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆ. ಎರಡು ದಾರಿಗಳೂ ಕತ್ತರಿಸುವ ಎರಡು ಬಿಂದುಗಳಿಗೆ ನಾವು ರಾಹು, ಕೇತು ಎನ್ನುತ್ತೇವೆ. ಆ ಬಿಂದುಗಳು ಒಂದೊಂದು ರಾಶಿಯಲ್ಲಿ ಒಂದೂವರೆ ವರ್ಷ ಇದ್ದು, ಹಿಮ್ಮುಖವಾಗಿ ಸರಿಯುತ್ತಾ, 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಆ ಸುತ್ತಿನಲ್ಲಿ ಒಮ್ಮೆ ಚಂದ್ರನ ಓಲಾಟ ಅತ್ಯಂತ ಹಿಗ್ಗುತ್ತದೆ, ಒಂಬತ್ತು ವರ್ಷ ಚಿಲ್ಲರೆಯ ನಂತರ ಅತ್ಯಂತ ಕುಗ್ಗುತ್ತದೆ. ಹಿಗ್ಗಿದ ಕಾಲದಲ್ಲಿ ನೆವಾರ್ಕ್‌ನ ದಿಗಂತದಲ್ಲಿ ಚಂದ್ರ ಸೂರ್ಯನ ಉತ್ತರದ ಗಡಿಯನ್ನೂ ದಾಟಿ ಇನ್ನೂ ಏಳು ಡಿಗ್ರಿ ಉತ್ತರಕ್ಕೆ ಹೋಗಿ ಹುಟ್ಟುತ್ತಾನೆ. ಸೂರ್ಯ ಎಂದೆಂದೂ ಕಾಲಿಡದ ಜಾಗ ಅದು!

ವೀಕ್ಷಣಾ ವೃತ್ತದ ಹಿಂದುಗಡೆ ಸುಮಾರು 170 ಅಡಿ ಉದ್ದದ ಒಂದು ಎತ್ತರದ ದಿಬ್ಬವಿದೆ. ಅಲ್ಲಿಂದ ಈಶಾನ್ಯಕ್ಕೆ ಕಣ್ಣು ಹಾಯಿಸಿದರೆ ವೃತ್ತದ ನಡುವೆ ಹಾದು, ಓಣಿಯೊಳಗೆ ನುಗ್ಗಿ, ಅಷ್ಟಕೋನವನ್ನು ಸೀಳಿಕೊಂಡು, ಆಚೆ ತುದಿಯ ಬಾಗಿಲಿನವರೆಗೆ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದೇ ನೇರ ಗೆರೆ. ಆ ಗೆರೆ ಹೋಗಿ ಮುಟ್ಟುವುದು ಸೂರ್ಯ ಕಾಲಿಡದ ಆ ಜಾಗವನ್ನೇ. ಹದಿನೆಂಟೂವರೆ ವರ್ಷಕ್ಕೊಮ್ಮೆ ಚಂದ್ರ ಬಂದು ಹುಟ್ಟುವ ಆ ಒಂದು ಜಾಗಕ್ಕೆ ಬಾಗಿಲಿಟ್ಟಿದ್ದಾರೆ! ಗುರಿ ತಪ್ಪಿದ್ದು ಹೆಚ್ಚೆಂದರೆ ಅರ್ಧ ಡಿಗ್ರಿ, ಅಂದರೆ ಆಕಾಶದಲ್ಲಿ ಒಂದು ಚಂದ್ರಬಿಂಬದ ಅಗಲ. ಹಿಗ್ಗು, ಕುಗ್ಗುಗಳ ಇತರ ಮೇರೆಗಳಿಗೂ ಇಲ್ಲಿನ ಬೇರೆ ಬೇರೆ ಗೋಡೆಗಳು ಹೊಂದಿಕೊಳ್ಳುತ್ತವೆ ಎಂದು ಹೈವ್ಲಿ ಮತ್ತು ಹಾರ್ನ್ ತೋರಿಸಿದರು.

ಒಂದು ಸುತ್ತು ನೋಡಿದರೆ ಸಾಲದು ಎಂಬುದನ್ನು ಯೋಚಿಸಿ. ಮೋಡ ಮುಸುಕಿದ ರಾತ್ರಿಗಳಿವೆ, ಹಿಮ ಸುರಿಯುವ ತಿಂಗಳುಗಳಿವೆ. ಇದೊಂದು ಸುತ್ತು ಎಂದು ಖಾತ್ರಿಯಾಗಲಿಕ್ಕೇ ಎರಡು ಮೂರು ಆವರ್ತ ಬೇಕು. ಅಷ್ಟರಲ್ಲಿ ಮೊದಲು ನೋಡಿದವನು ಮುದುಕನಾಗಿರುತ್ತಾನೆ ಇಲ್ಲವೇ ಸತ್ತಿರುತ್ತಾನೆ. ಬರೆದಿಡುವ ಲಿಪಿಯಿಲ್ಲದ ಜನ. ಅಜ್ಜಿ ಮೊಮ್ಮಗಳಿಗೆ ಹೇಳಬೇಕು, ಮೊಮ್ಮಗಳು ನೆನಪಿಟ್ಟುಕೊಂಡು ಅದೇ ಜಾಗದಲ್ಲಿ ನಿಂತು ಕಾಯಬೇಕು. ನನಗೆ ಆ ಗೋಡೆಗಳಿಗಿಂತ ಆ ಕಾಯುವಿಕೆಯೇ ದೊಡ್ಡದಾಗಿ ಕಂಡಿತು.

ಯಾರು ಇವರು? ಹೋಪ್‌ವೆಲ್ ಎನ್ನುವುದು ಅವರು ಇಟ್ಟುಕೊಂಡ ಹೆಸರಲ್ಲ. 1891ರಲ್ಲಿ ಷಿಕಾಗೋ ವಸ್ತುಪ್ರದರ್ಶನಕ್ಕೆ ಸಾಮಾನು ಹುಡುಕಿ ಅಗೆದ ಹೊಲದ ಒಡೆಯನ ಹೆಸರು ಅದು. ಕಾಲ, ಇಂದಿಗೆ 2,000ದಿಂದ 1,600 ವರ್ಷ ಹಿಂದೆ. ನಮ್ಮ ಸನ್ನತಿಯಲ್ಲಿ ಬೌದ್ಧ ಸ್ತೂಪ ನಿಂತಿದ್ದ, ಹಲ್ಮಿಡಿ ಶಾಸನ ಇನ್ನೂ ಹುಟ್ಟಿರದ ಕಾಲ. ಅವರಿಗೆ ಪಟ್ಟಣವಿರಲಿಲ್ಲ, ಸೈನ್ಯವಿರಲಿಲ್ಲ, ಅರಮನೆಯಂತೂ ಇಲ್ಲವೇ ಇಲ್ಲ. ಹೊಳೆಯ ದಡದಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಎರಡು ಮೂರು ಮನೆಗಳ ಕೇರಿ, ಸೂರ್ಯಕಾಂತಿ, ಕುಂಬಳ, ಸಣ್ಣ ಕಾಳಿನ ಹುಲ್ಲುಗಳ ಬೇಸಾಯ, ಬೇಟೆ, ಮೀನು. ಮುಸುಕಿನ ಜೋಳ ಇನ್ನೂ ಮುಖ್ಯ ಬೆಳೆಯಾಗಿರಲಿಲ್ಲ. ಈ ವೃತ್ತ, ಅಷ್ಟಕೋನಗಳ ಒಳಗೆ ಯಾರೂ ಮನೆ ಮಾಡಿಕೊಂಡಿರಲಿಲ್ಲ. ದೊಡ್ಡದನ್ನು ಕಟ್ಟಬೇಕಾದರೆ ಚಾಟಿ ಹಿಡಿದ ರಾಜನೊಬ್ಬ ಇರಲೇಬೇಕು ಎಂದು ಶಾಲೆಯಿಂದಲೂ ಕೇಳಿಕೊಂಡು ಬಂದಿದ್ದೇವೆ. ಈ ಚದುರಿದ ಗುಡಿಸಲುಗಳ ಜನ ಅದನ್ನು ಸುಳ್ಳು ಮಾಡಿ ಮಲಗಿದ್ದಾರೆ. ಬಿತ್ತನೆ, ಕೊಯ್ಲುಗಳ ನಡುವೆ ಬಿಡುವಾದಾಗ ಬಂದು ಸೇರಿ, ಬುಟ್ಟಿ ಹೊತ್ತು, ಮತ್ತೆ ಮನೆಗೆ ಹೋಗಿ, ಮತ್ತೆ ಬಂದು, ತಲೆಮಾರುಗಳ ಕಾಲ ಕಟ್ಟಿದ್ದಾರೆ.

ಅವರು ತಂದಿಟ್ಟ ವಸ್ತುಗಳ ಪಟ್ಟಿ ಕೇಳಿದರೆ ತಲೆ ತಿರುಗುತ್ತದೆ. ಸುಪೀರಿಯರ್ ಸರೋವರದ ತಾಮ್ರ, ಮೆಕ್ಸಿಕೋ ಕೊಲ್ಲಿಯ ಶಂಖ, ಅಪಲಾಚಿಯನ್ ಬೆಟ್ಟಗಳ ಕಾಗೆಬಂಗಾರ, ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಯೆಲ್ಲೋಸ್ಟೋನ್‌ನ ಕರಿ ಗಾಜುಗಲ್ಲು. ಎಲ್ಲವೂ ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ. ಕಾಗೆಬಂಗಾರದ ತೆಳು ಹಾಳೆಯಲ್ಲಿ ಕತ್ತರಿಸಿದ ಒಂದು ಕೈ ಸಿಕ್ಕಿದೆ. ಸುಮಾರು 11 ಇಂಚು ಉದ್ದ, ಬೆರಳುಗಳು ನಿಜದ ಬೆರಳಿಗಿಂತ ನೀಳ, ಹೆಬ್ಬೆರಳು ತುಸು ಹೊರಗೆ ಬಾಗಿದೆ. ಬೆಳಕು ಅದರೊಳಗೆ ಹಾಯುತ್ತದೆ. ಚಿತ್ರದಲ್ಲಿ ನೋಡಿದರೂ ಯಾರೋ ಆಶೀರ್ವಾದಕ್ಕೆ ಕೈಯೆತ್ತಿದ ಹಾಗಿದೆ. ಚಿಲಿಕಾಥಿಯ ಮೌಂಡ್ ಸಿಟಿಯಲ್ಲಿ, ಒಂದೇ ದಿಬ್ಬದಲ್ಲಿ, ಕಪ್ಪೆ, ನೀರುನಾಯಿ, ಗಿಡುಗ, ಗೂಬೆಗಳ ಆಕಾರದ ಕಲ್ಲಿನ ಚಿಲುಮೆಗಳು ಸುಮಾರು ಇನ್ನೂರು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆ ಮೌಂಡ್ ಸಿಟಿಯ ಮೇಲೆ 1917ರಲ್ಲಿ ಸೇನಾ ಶಿಬಿರ ಕಟ್ಟಿದರು, ಯುದ್ಧ ಮುಗಿದ ಮೇಲೆ ದಿಬ್ಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಈಗ ಅದು ರಾಷ್ಟ್ರೀಯ ಉದ್ಯಾನದ ಭಾಗ.

ಇಷ್ಟು ದೊಡ್ಡದು ಇಷ್ಟು ಕಾಲ ಕಣ್ಣಿಗೆ ಬೀಳದೆ ಹೇಗಿತ್ತು? ಕಣ್ಣಿಗೆ ಬಿದ್ದಿತ್ತು. ಒಪ್ಪುವ ಮನಸ್ಸಿರಲಿಲ್ಲ. ಇದನ್ನೆಲ್ಲ ಕಟ್ಟಿದ್ದು ಇಲ್ಲಿನ ಮೂಲನಿವಾಸಿಗಳ ಪೂರ್ವಜರು ಎಂದು ಒಪ್ಪಿದರೆ ಅವರ ನೆಲ ಕಿತ್ತುಕೊಳ್ಳುವುದು ಹೇಗೆ? ಅದಕ್ಕೇ ‘ಕಳೆದುಹೋದ ಜನಾಂಗ’ ಎಂಬ ಕಥೆ ಕಟ್ಟಿದರು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಅಟ್ಟುವ ನೀತಿಯನ್ನು ಸಮರ್ಥಿಸುತ್ತಾ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಇದೇ ದಿಬ್ಬಗಳನ್ನು ಸಾಕ್ಷಿಯಾಗಿ ತಂದ. ಹಿಂದೊಂದು ಬಲಶಾಲಿ ಜನಾಂಗ ಅಳಿದು ಈಗಿನವರಿಗೆ ಜಾಗ ಬಿಟ್ಟಿತಲ್ಲ, ಇವರೂ ಹೋದರೆ ತಪ್ಪೇನು ಎಂಬ ಧಾಟಿ. ಕೆಲವೇ ವರ್ಷಗಳಲ್ಲಿ ಶಾನೀ ಜನ ಓಹಿಯೋ ಬಿಟ್ಟು ಹೊರಟರು. 1843ರಲ್ಲಿ ವಯಂಡಾಟರೂ ಹೋದರು. 1860ರಲ್ಲಿ ಇದೇ ನೆವಾರ್ಕ್‌ನ ಸರ್ವೇಯರ್ ಡೇವಿಡ್ ವೈರಿಕ್‌ಗೆ ಹೀಬ್ರೂ ಅಕ್ಷರ ಕೊರೆದ ಕಲ್ಲುಗಳು ‘ಸಿಕ್ಕವು’. ಯಾರೋ ಮಾಡಿಟ್ಟ ಖೋಟಾ ಅವು. ಚಂದ್ರನನ್ನು ಅಳೆದವರು ಯಾವ ದೂರದೇಶದವರಾದರೂ ಆಗಲಿ, ಇಲ್ಲಿನವರು ಮಾತ್ರ ಆಗಬಾರದಿತ್ತು! 1894ರಲ್ಲಿ ಸ್ಮಿತ್ಸೋನಿಯನ್‌ನ ಸೈರಸ್ ಥಾಮಸ್ ಸಾವಿರಾರು ದಿಬ್ಬಗಳ ಆಧಾರ ಒಟ್ಟುಗೂಡಿಸಿ, ಕಟ್ಟಿದ್ದು ಮೂಲನಿವಾಸಿಗಳ ಪೂರ್ವಜರೇ ಎಂದು ಸಾಬೀತು ಮಾಡುವ ಹೊತ್ತಿಗೆ ಆ ಪೂರ್ವಜರ ಮೊಮ್ಮಕ್ಕಳು ಓಕ್ಲಹೋಮದಲ್ಲಿದ್ದರು.

ಅಷ್ಟಕೋನದ ಮುಂದಿನ ಕಥೆಯನ್ನು ನ್ಯಾಯವಾಗಿ ಹೇಳಬೇಕು. 1892ರಲ್ಲಿ ಅಲ್ಲಿನ ಜನ ತೆರಿಗೆ ಹೆಚ್ಚಿಸಿಕೊಂಡು ಈ ನೆಲ ಕೊಂಡು ಉಳಿಸಿದರು. ರಾಜ್ಯದ ಸೇನಾಪಡೆ ಅಲ್ಲಿ ಬಿಡಾರ ಹೂಡುತ್ತಿತ್ತು. 1910ರಲ್ಲಿ ಗಾಲ್ಫ್ ಕ್ಲಬ್ಬಿಗೆ ಗುತ್ತಿಗೆ ಕೊಟ್ಟರು. ಗಾಲ್ಫ್ ಬಂದದ್ದರಿಂದ ಕಟ್ಟಡಗಳು ಏಳಲಿಲ್ಲ, ಗೋಡೆಗಳು ಉಳಿದವು, ನಿಜ. ಆದರೆ ಆ ಗೋಡೆಗಳ ಮೇಲೆ ಚೆಂಡು ಹಾರುತ್ತಿತ್ತು, ಚಂದ್ರನ ದಾರಿಗೆ ಅಡ್ಡವಾಗಿ ಬಾವುಟ ನೆಟ್ಟಿದ್ದರು. ಸಾರ್ವಜನಿಕರಿಗೆ ಒಂದು ವೀಕ್ಷಣಾ ಅಟ್ಟಣಿಗೆಯವರೆಗೆ ಪ್ರವೇಶ, ಪೂರ್ತಿ ಒಳಗೆ ನಡೆದಾಡಲು ವರ್ಷಕ್ಕೆ ನಾಲ್ಕು ದಿನ. ಗುತ್ತಿಗೆ 2078ರವರೆಗೆ ಇತ್ತು. ನೆಲದ ಒಡೆತನವಿದ್ದ ಓಹಿಯೋ ಹಿಸ್ಟರಿ ಕನೆಕ್ಷನ್ ಸಂಸ್ಥೆ ಸಾರ್ವಜನಿಕ ಉದ್ದೇಶಕ್ಕಾಗಿ ಆ ಗುತ್ತಿಗೆಯನ್ನೇ ಸ್ವಾಧೀನಪಡಿಸಿಕೊಳ್ಳಲು ಮೊಕದ್ದಮೆ ಹೂಡಿತು. 2022ರ ಡಿಸೆಂಬರಿನಲ್ಲಿ ಓಹಿಯೋದ ಸುಪ್ರೀಂ ಕೋರ್ಟು ಸಂಸ್ಥೆಯ ಪರ ತೀರ್ಪು ಕೊಟ್ಟಿತು. ಓಕ್ಲಹೋಮದಿಂದ ಪೂರ್ವಜರ ನೆಲಕ್ಕೆ ಬಂದು ದನಿಯೆತ್ತಿದವರಲ್ಲಿ ಈಸ್ಟರ್ನ್ ಶಾನೀ ಬುಡಕಟ್ಟಿನ ಮುಖ್ಯಸ್ಥೆ ಗ್ಲೆನಾ ವಾಲೆಸ್ ಮುಂಚೂಣಿಯಲ್ಲಿದ್ದರು. 2024ರಲ್ಲಿ ರಾಜಿಯಾಯಿತು, ಕ್ಲಬ್ಬು ತೆರವಾಯಿತು, 2025ರ ಜನವರಿ 1ರಿಂದ ಅಷ್ಟಕೋನ ಎಲ್ಲರಿಗೂ ತೆರೆಯಿತು.

ಆ ಹೊತ್ತಿಗೆ ಆಕಾಶದಲ್ಲಿ ಏನು ನಡೆಯುತ್ತಿತ್ತು ಬಲ್ಲಿರಾ? ನಮ್ಮ ಪಂಚಾಂಗಗಳಲ್ಲಿ ರಾಹು ಮೀನರಾಶಿಯಲ್ಲಿದ್ದ. ಅಂದರೆ ಚಂದ್ರನ ಓಲಾಟ ಅತ್ಯಂತ ಹಿಗ್ಗಿದ ಕಾಲ! 2006ರ ನಂತರ ಮೊದಲ ಸಲ, ಅದೇ 2024, 2025ರಲ್ಲಿ, ತಿಂಗಳು ತಿಂಗಳೂ ಚಂದ್ರ ಆ ಬಾಗಿಲಿನ ನೇರಕ್ಕೆ ಬಂದು ಹುಟ್ಟುತ್ತಿದ್ದ. ನ್ಯಾಯಾಲಯ ಪಂಚಾಂಗ ನೋಡಿ ತೀರ್ಪು ಕೊಟ್ಟದ್ದಲ್ಲ, ವಕೀಲರು ಮುಹೂರ್ತ ಇಟ್ಟದ್ದಲ್ಲ. ಹಾಗಿದ್ದೂ ಬಾಗಿಲು ತೆರೆದದ್ದು ಚಂದ್ರ ಬಂದು ನಿಂತಾಗಲೇ. ಇನ್ನೊಮ್ಮೆ ಹೀಗಾಗುವುದು 2043ರ ಸುಮಾರಿಗೆ.

ನೆವಾರ್ಕ್‌ನಿಂದ ಹೊರಡುವಾಗ ನಾನು ಚಿಲಿಕಾಥಿಯ ಕಡೆ, ನೈರುತ್ಯಕ್ಕೆ ಹೊರಟೆ. ಅದಕ್ಕೆ ಕಾರಣ 1862ರಲ್ಲಿ ಸಾಲ್ಸ್‌ಬರಿ ಸೋದರರು ಮಾಡಿದ ಒಂದು ಸರ್ವೇ. ಅಷ್ಟಕೋನದಿಂದ ನೈರುತ್ಯಕ್ಕೆ, ಸುಮಾರು 200 ಅಡಿ ಅಂತರದಲ್ಲಿ, ಎರಡು ಏರಿಗಳು ಬಾಣ ಬಿಟ್ಟ ಹಾಗೆ ನೇರವಾಗಿ ಹೋಗುವುದನ್ನು ಕಂಡು ಅವರು ಕಾಡು, ಹೊಲ, ಹಳ್ಳಗಳನ್ನು ದಾಟಿ ಆರು ಮೈಲಿ ಹಿಂಬಾಲಿಸಿದ್ದರು. ಅದರಾಚೆಗೂ ಅದು ಹೋಗುತ್ತಲೇ ಇತ್ತು. ಅವರ ಹಸ್ತಪ್ರತಿಯನ್ನು ಮತ್ತೆ ಬೆಳಕಿಗೆ ತಂದ ಬ್ರ್ಯಾಡ್ ಲೆಪರ್, ಇದು ಚಿಲಿಕಾಥಿಯವರೆಗಿನ 60 ಮೈಲಿಯ ಯಾತ್ರಾಮಾರ್ಗವಾಗಿತ್ತು ಎಂದು ವಾದಿಸುತ್ತಾರೆ. ಒಪ್ಪದ ವಿದ್ವಾಂಸರೂ ಇದ್ದಾರೆ, ಏರಿಗಳು ಅಷ್ಟು ದೂರ ಹೋದದ್ದಕ್ಕೆ ಪೂರ್ತಿ ಸಾಕ್ಷಿಯಿಲ್ಲ ಎನ್ನುತ್ತಾರೆ. ನಾನು ಒಪ್ಪುವವರ ಕಡೆ. ಯಾಕೆಂದರೆ ಚಿಲಿಕಾಥಿಯ ಹತ್ತಿರ ಹೈ ಬ್ಯಾಂಕ್ ಎಂಬಲ್ಲಿ, ನೇಗಿಲು ಸವೆಸಿದ ಹೊಲವೊಂದರಲ್ಲಿ, ಇನ್ನೊಂದು ವೃತ್ತ, ಅದಕ್ಕೆ ಅಂಟಿಕೊಂಡು ಇನ್ನೊಂದು ಅಷ್ಟಕೋನವಿದೆ. ಇಡೀ ಜಗತ್ತಿನಲ್ಲಿ ಆ ಜನ ಕಟ್ಟಿದ ವೃತ್ತ, ಅಷ್ಟಕೋನದ ಜೋಡಿಗಳು ಈ ಎರಡೇ. ಅಲ್ಲಿನ ವೃತ್ತದ ವ್ಯಾಸವೂ 1,054 ಅಡಿ. ಅದೂ ಚಂದ್ರನನ್ನೇ ನೋಡುತ್ತಿದೆ. ನೆವಾರ್ಕ್‌ನ ಗೆರೆಗೆ ಹೈ ಬ್ಯಾಂಕ್‌ನ ಗೆರೆ ಸರಿಯಾಗಿ ಲಂಬ, 90 ಡಿಗ್ರಿ! ನಡುವೆ 60 ಮೈಲಿ ಕಾಡು, ಗುಡ್ಡ, ಹೊಳೆ. ಒಂದು ಹಗ್ಗದ ಅಳತೆಯನ್ನು ಕಾಲ್ನಡಿಗೆಯಲ್ಲಿ ಅಷ್ಟು ದೂರ ಕೊಂಡೊಯ್ಯಬಹುದು ಎಂದಿಟ್ಟುಕೊಳ್ಳೋಣ. ಒಂದು ಲಂಬಕೋನವನ್ನು ಗುಡ್ಡಗಳಾಚೆಗೆ ಹೇಗೆ ಹೊತ್ತೊಯ್ದರು?